ಕ್ಯಾಬಿನ್ ಹಿಂದಿನ ಬಿರುಕು

ಆ ಸದ್ದು ಶುರುವಾದದ್ದು ಟೂರಿನ ಮೂರನೇ ದಿನ ಮಧ್ಯಾಹ್ನ. ಜಲ್ಲಿ ದಾರಿ, ಮೇಲೆಲ್ಲ ತಗಡಿನ ಶೀಟಿನ ಹಾಗೆ ಅಲೆ ಅಲೆ. ಅಂಥ ದಾರಿಯಲ್ಲಿ ಪಿಕಪ್ಪಿನ ಒಂದೊಂದು ಬೋಲ್ಟೂ ಸದ್ದು ಮಾಡುತ್ತದೆ, ಹಾಗಾಗಿ ಮೊದಲು ಗಮನ ಕೊಡಲಿಲ್ಲ. ಆದರೆ ಇದು ಬೇರೆ ಥರ ಇತ್ತು. ಟಿಕ್, ಟಿಕ್ ಅಂತ, ಒಣಕಡ್ಡಿ ಮುರಿದ ಹಾಗೆ. ಗುಂಡಿಗೆ ಇಳಿಯುವಾಗ ಒಂದು ಸಲ, ಹತ್ತುವಾಗ ಇನ್ನೊಂದು ಸಲ. ನಿಲ್ಲಿಸಿ ನೋಡಿದೆ. ಟಾಪ್ ಮೇಲಿನ ರ‍್ಯಾಕ್ ಹಿಡಿದು ಅಲ್ಲಾಡಿಸಿದೆ. ಡೀಸೆಲ್ ಕ್ಯಾನುಗಳ ಪಟ್ಟಿ ಬಿಗಿ ಮಾಡಿದೆ. ಜಾಕ್ ಕಟ್ಟಿದ್ದ ಕಡೆ ರಬ್ಬರ್ ತುಂಡು ತುರುಕಿದೆ. ಇವೆಲ್ಲ ನಾನು ಸೇರಿಸಿದ್ದ ವಸ್ತುಗಳು. ಸದ್ದು ಅವುಗಳಲ್ಲೇ ಎಲ್ಲೋ ಇರಬೇಕು ಅಂದುಕೊಂಡೆ. ಗಾಡಿಯ ಮೂಳೆಯಿಂದಲೇ ಬರುತ್ತಿರಬಹುದು ಅಂತ ಹೊಳೆಯಲೇ ಇಲ್ಲ.

ಸಂಜೆ ಟೆಂಟ್ ಬಿಚ್ಚುವ ಮೊದಲು ಟಾರ್ಚ್ ಹಿಡಿದು ಕೆಳಗೆ ತೂರಿದೆ. ಕ್ಯಾಬಿನ್ ಮುಗಿದು ಹಿಂದಿನ ತೊಟ್ಟಿ ಶುರುವಾಗುವ ಕಡೆ, ಬಲಗಡೆಯ ಚಾಸಿಸ್ (ಇಡೀ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು) ಮೇಲೆ, ಧೂಳಿನ ನಡುವೆ ಒಂದು ಗೆರೆ ಕಂಡಿತು. ಕೂದಲೆಳೆಯಷ್ಟು ಸಣ್ಣದು. ಮೇಲಿನ ಅಂಚಿನಿಂದ ಕೆಳಕ್ಕೆ ನಾಲ್ಕು ಬೆರಳಿನಷ್ಟು ಇಳಿದಿತ್ತು. ಸುತ್ತ ಕಂದು ಧೂಳು, ಗೆರೆಯ ಬಾಯಲ್ಲಿ ಮಾತ್ರ ಹೊಳೆಯುವ ಹೊಸ ಲೋಹ. ಉಗುರು ಆಡಿಸಿದರೆ ಸಿಕ್ಕಿಕೊಂಡಿತು. ಗೆಳೆಯನಿಗೆ ಹಿಂದಿನ ಬಂಪರ್ ಮೇಲೆ ಹತ್ತಿ ನಿಲ್ಲು ಅಂದೆ. ಅವನು ಹತ್ತಿದ, ಗೆರೆ ಬಾಯಿ ಬಿಟ್ಟಿತು. ಇಳಿದ, ಮುಚ್ಚಿಕೊಂಡಿತು. ಇನ್ನೊಂದು ಸಲ ಹತ್ತು ಅಂತ ಹೇಳಲು ಧೈರ್ಯ ಬರಲಿಲ್ಲ.

ಇದಾಗಿ ಎರಡು ವರ್ಷ ಆಯಿತು. ಆ ಗೆರೆ ಬಾಯಿ ಬಿಟ್ಟು ಮುಚ್ಚಿದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಯಾಕೆಂದರೆ ಆ ಪಿಕಪ್ಪನ್ನು ನಾನು ಅಸಡ್ಡೆಯಿಂದ ಹಾಳು ಮಾಡಿದ್ದಲ್ಲ. ಅದಕ್ಕೆ ಹಾಕಿದ ಒಂದೊಂದು ಸಾಮಾನನ್ನೂ ತಿಂಗಳುಗಟ್ಟಲೆ ಯೋಚಿಸಿ, ಓದಿ, ಉಳಿಸಿದ ದುಡ್ಡಲ್ಲಿ ತಂದು ಹಾಕಿದ್ದೆ. ಒಂದೊಂದೂ ಒಳ್ಳೆಯ ಸಾಮಾನೇ. ಎಲ್ಲ ಒಳ್ಳೆಯವೇ ಸೇರಿ ಚಾಸಿಸ್ ಹೇಗೆ ಸೀಳಿದವು ಅನ್ನುವುದೇ ನನಗೆ ಬಿಡದ ಪ್ರಶ್ನೆ.

ತೂಕದ ಚೀಟಿ

ಸಾಮಾನಿನಲ್ಲಿ ಮುಕ್ಕಾಲು ಭಾಗ ಗೆಳೆಯನ ಗಾಡಿಗೆ ಹಾಕಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನಲ್ಲಿ ವಾಪಸ್ ಬಂದೆವು. ಚಾಸಿಸ್ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ತುಂಬಾ ಹೊತ್ತು ಏನೂ ಹೇಳದೆ ಬಿರುಕನ್ನೇ ನೋಡಿದರು. ಆಮೇಲೆ "ನೋಡಪ್ಪ, ಇದರ ಮೇಲೆ ಅಡ್ಡಕ್ಕೆ ಒಂದು ವೆಲ್ಡಿಂಗ್ ಎಳೆದು ಕಳಿಸಬಹುದು. ಆರು ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ಬರುತ್ತೆ" ಅಂದರು. ವೆಲ್ಡಿಂಗ್ ಬಿಸಿಗೆ ಅಕ್ಕಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ. ಎಳೆತಕ್ಕೆ ಅಡ್ಡಲಾಗಿ ಆ ಬಿಸಿಯ ಗೆರೆ ಬಿದ್ದರೆ ಚಾಸಿಸ್ ಅದರ ಗುಂಟವೇ ಸೀಳುತ್ತದೆ. ಅದಕ್ಕೇ ಅವರು ಮೊದಲು ಬ್ಯಾಟರಿ ವೈರು ಬಿಚ್ಚಿದರು, ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದರು. ಮೊನಚಾದ ತುದಿ ದುಂಡಗಾದರೆ ಸೀಳು ಸುಲಭಕ್ಕೆ ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಬಿರುಕನ್ನು ಉಜ್ಜಿ ತುಂಬಿ, ಮಟ್ಟ ಮಾಡಿ, ಮೇಲೆ ಒಂದು ಉಕ್ಕಿನ ಪಟ್ಟಿ ಹಾಕಿದರು. ಆ ಪಟ್ಟಿಯ ಎರಡೂ ತುದಿ ನೇರ ಅಲ್ಲ, ಓರೆಯಾಗಿ ಕತ್ತರಿಸಿದ್ದು. ಬಲ ಒಂದೇ ಗೆರೆಯ ಮೇಲೆ ಬೀಳದೆ ಮೆಲ್ಲಗೆ ಹಂಚಿಹೋಗಲಿ ಅಂತ.

ಕೆಲಸ ಮುಗಿದ ಮೇಲೆ ಅವರು ದುಡ್ಡು ಇಸಿದುಕೊಳ್ಳಲಿಲ್ಲ. "ಟೂರಿಗೆ ಹೋಗುವಾಗ ಹೇಗೆ ತುಂಬುತ್ತೀಯೋ ಹಾಗೇ ಎಲ್ಲ ತುಂಬು. ನೀರು, ಡೀಸೆಲ್, ಜನ, ಎಲ್ಲ. ವೇಬ್ರಿಡ್ಜಿಗೆ ಹೋಗಿ ಚೀಟಿ ತಗೊಂಡು ಬಾ. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಕ ಮಾಡಿಸು" ಅಂದರು.

ಚೀಟಿ ನನ್ನ ಹತ್ತಿರ ಈಗಲೂ ಇದೆ. ಗಾಡಿ, ಜನ, ಸಾಮಾನು ಎಲ್ಲ ಸೇರಿ ತಯಾರಕರು ಕೊಟ್ಟಿದ್ದ ಮಿತಿ 3,000 ಕೆ.ಜಿ. ನನ್ನದು 3,310. ಹಿಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಹೊರಬಹುದಾದದ್ದು 1,800. ಹೊತ್ತಿದ್ದು 2,010. ಮುಂದಿನದು ಮಾತ್ರ 1,300, ಅದರ ಮಿತಿಯೊಳಗೇ ಆರಾಮಾಗಿತ್ತು. ಒಟ್ಟು ಲೆಕ್ಕಕ್ಕಿಂತ ಈ ಹಂಚಿಕೆಯೇ ನನ್ನನ್ನು ಜಾಸ್ತಿ ಕಾಡಿತು. ಅಷ್ಟು ಭಾರ ಎಲ್ಲ ಹಿಂದಕ್ಕೇ ಯಾಕೆ ಹೋಯಿತು?

ಉತ್ತರ ಸನ್ನೆಕೋಲಿನ ಲೆಕ್ಕದಲ್ಲಿದೆ. ನಾನು ಹಿಂದಿನ ಬಂಪರ್ ತೆಗೆದು ಉಕ್ಕಿನದ್ದು ಹಾಕಿದ್ದೆ. ಅದಕ್ಕೊಂದು ತಿರುಗುವ ತೋಳು, ತೋಳಿನ ಮೇಲೆ ಸ್ಟೆಪ್ನಿ, ಪಕ್ಕದಲ್ಲಿ ಎರಡು ಡೀಸೆಲ್ ಕ್ಯಾನು. ಎಲ್ಲ ಸೇರಿ ಸುಮಾರು 120 ಕೆ.ಜಿ. ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ ನೇತಾಡುತ್ತಿತ್ತು. ಗಾಡಿಯ ಎರಡು ಆಕ್ಸಲ್ ನಡುವಿನ ಅಂತರ 3.1 ಮೀಟರ್. ಹೀಗೆ ನೇತುಹಾಕಿದ 120 ಕೆ.ಜಿ. ಹಿಂದಿನ ಚಕ್ರಗಳ ಮೇಲೆ 120 ಆಗಿ ಬೀಳುವುದಿಲ್ಲ, ಸುಮಾರು 166 ಆಗಿ ಬೀಳುತ್ತದೆ. ಮಿಕ್ಕ 46 ಕೆ.ಜಿ.ಯನ್ನು ಮುಂದಿನ ಚಕ್ರಗಳಿಂದ ಎತ್ತಿ ತರುತ್ತದೆ. ಅಂದರೆ ಸ್ಟೇರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. ಇದು ಗಾಡಿ ನಿಂತಿದ್ದಾಗಿನ ಲೆಕ್ಕ. ಅಲೆ ಅಲೆ ದಾರಿಯಲ್ಲಿ ಅದೇ ಭಾರ ದಿನವಿಡೀ ಸುತ್ತಿಗೆಯಂತೆ ಹೊಡೆಯುತ್ತದೆ.

ಏರ್‌ಬ್ಯಾಗ್ ಮಾಡಿದ ಕೆಲಸ

ಭಾರಕ್ಕೆ ಗಾಡಿಯ ಹಿಂಭಾಗ ಕುಸಿದಾಗ ನಾನು ಮಾಡಿದ್ದು ಬಹಳ ಜನ ಮಾಡುವ ಕೆಲಸವೇ. ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಮತ್ತು ಚಾಸಿಸ್ ನಡುವೆ ಗಾಳಿ ತುಂಬುವ ರಬ್ಬರ್ ಚೀಲ, ಅಂದರೆ ಏರ್‌ಬ್ಯಾಗ್, ಹಾಕಿಸಿದೆ. ಗಾಳಿ ಹೊಡೆದರೆ ಹಿಂಭಾಗ ಎದ್ದು ಗಾಡಿ ಮಟ್ಟಸವಾಗಿ ನಿಲ್ಲುತ್ತದೆ. ಕನ್ನಡಿಯಲ್ಲಿ ನೋಡಿದರೆ ಎಲ್ಲ ಸರಿಯಾಯಿತು ಅನ್ನಿಸುತ್ತದೆ.

ಆದರೆ ಲೀಫ್ ಸ್ಪ್ರಿಂಗ್ ಭಾರವನ್ನು ಚಾಸಿಸ್‌ಗೆ ಎರಡು ಕಡೆ ಮುಟ್ಟಿಸುತ್ತದೆ: ಮುಂದಿನ ಕೊಂಡಿ, ಹಿಂದಿನ ಕೊಂಡಿ. ಅವೆರಡರ ನಡುವೆ ಒಂದು ಮೀಟರಿಗೂ ಹೆಚ್ಚು ಅಂತರ. ಚಾಸಿಸ್ ವಿನ್ಯಾಸ ಮಾಡಿದವರು ಬಲ ಆ ಎರಡು ಕಡೆಯಿಂದ ಬರುತ್ತದೆ ಅಂತಲೇ ಲೆಕ್ಕ ಹಾಕಿರುತ್ತಾರೆ. ಚೀಲ ಬಂದು ನಡುವೆ ಕೂತರೆ ಭಾರದ ದೊಡ್ಡ ಪಾಲು ಆಕ್ಸಲ್ ಮೇಲಿನ ಒಂದೇ ಬಿಂದುವಿಗೆ ಬರುತ್ತದೆ. ಒಂದು ಕೋಲನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿಯುವುದಕ್ಕೂ ಮೊಣಕಾಲಿಗೆ ಒತ್ತಿ ಬಗ್ಗಿಸುವುದಕ್ಕೂ ವ್ಯತ್ಯಾಸ ಇದೆಯಲ್ಲ, ಅದೇ ಇಲ್ಲೂ. ಒಂದು ಕಡೆ ಹಿಂದೆ ನೇತಾಡುವ 120 ಕೆ.ಜಿ., ಇನ್ನೊಂದು ಕಡೆ ಕ್ಯಾಬಿನ್, ನಡುವೆ ಮೊಣಕಾಲು. ಚಾಸಿಸ್ಸಿನ ಮೇಲಂಚು ಹಿಗ್ಗಿ ಹಿಗ್ಗಿ, ತೊಟ್ಟಿ ಮತ್ತು ಕ್ಯಾಬಿನ್ ಸೇರುವ ಕಡೆ ಸೀಳಿತು. ಚೀಲ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಮಿತಿಯೊಳಗೆ, ಆಕ್ಸಲ್ ಮುಂದೆ ಭಾರ ಇಟ್ಟು ಬಳಸಿದರೆ ಅದಕ್ಕೂ ಕೆಲಸ ಇದೆ. ಮಿತಿ ಮೀರಿದ ಭಾರವನ್ನು ಅದು ಕಡಿಮೆ ಮಾಡುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ ಅಷ್ಟೇ.

ಆಮೇಲೆ ಒಂದೊಂದನ್ನೂ ಹಿಂದಕ್ಕೆ ಜಾಡು ಹಿಡಿದು ನೋಡಿದೆ. ಟಾಪ್ ಮೇಲೆ ಟೆಂಟ್ ಹಾಕಿದ್ದಕ್ಕೆ ಗಾಡಿ ತಿರುವಿನಲ್ಲಿ ವಾಲುತ್ತಿತ್ತು, ಅದಕ್ಕೆ ಗಟ್ಟಿ ಸ್ಪ್ರಿಂಗ್ ಬಂತು. ದೊಡ್ಡ ಟೈರ್ ಹಾಕಿದ್ದಕ್ಕೆ ಎಳೆತ ಕಡಿಮೆಯಾಯಿತು, ಡೀಸೆಲ್ ಜಾಸ್ತಿ ಕುಡಿಯಿತು, ಅದಕ್ಕೆ ಕ್ಯಾನುಗಳು ಬಂದವು. ಕ್ಯಾನು ನೇತುಹಾಕಲು ಬಂಪರ್ ಬಂತು. ವಿಂಚಿಗೆ, ಅಂದರೆ ಹೂತ ಗಾಡಿಯನ್ನು ಕೇಬಲ್ ಸುತ್ತಿ ಎಳೆಯುವ ಯಂತ್ರಕ್ಕೆ, ಇರುವ ಸಾಮಾನ್ಯ ಲೆಕ್ಕ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು. 3,000 ಕೆ.ಜಿ.ಗೆ 4,500, ಅಂದರೆ ಹತ್ತು ಸಾವಿರ ಪೌಂಡಿನ ವಿಂಚು. ತೂಕ ಏರಿದರೆ ಅದಕ್ಕಿಂತ ದೊಡ್ಡ ವಿಂಚು, ಅದು ಇನ್ನೂ ಭಾರ, ಅದನ್ನು ಹೊರಲು ಮುಂದೆ ಇನ್ನೂ ಗಟ್ಟಿ ಕಾಯಿಲ್ ಸ್ಪ್ರಿಂಗ್. ಭಾರ ಭಾರವನ್ನು ಹೆರುತ್ತಾ ಹೋಗುತ್ತದೆ. ಯಾವ ಒಂದು ಹೆಜ್ಜೆಯೂ ತಪ್ಪು ಅನ್ನಿಸಿರಲಿಲ್ಲ.

ಬಾಗಿಲು ಕಿತ್ತು ಹೋದವರು

ಆ ದಿನಗಳಲ್ಲಿ ರಾಲ್ಫ್ ಬ್ಯಾಗ್ನೋಲ್ಡ್ ಬಗ್ಗೆ ತುಂಬಾ ಓದಿದೆ. ಬ್ರಿಟಿಷ್ ಸೈನ್ಯದ ಎಂಜಿನಿಯರ್. 1920 ಮತ್ತು 30ರ ದಶಕಗಳಲ್ಲಿ ಲಿಬಿಯಾ ಮರುಭೂಮಿಯಲ್ಲಿ ಮಾಮೂಲಿ ಫೋರ್ಡ್ ಕಾರು, ಟ್ರಕ್ಕುಗಳನ್ನು ಓಡಿಸಿದವರು. ಆಗ ಅವಕ್ಕೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ. ಟೈರಿನ ಗಾಳಿ ಇಳಿಸಿ ಮರಳು ದಾಟುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಹಲಗೆ ಕೊಡುವುದು ಇವೆಲ್ಲ ಅವರ ಗುಂಪು ಪಳಗಿಸಿದ ವಿದ್ಯೆಗಳು. ಕುದಿಯುವ ರೇಡಿಯೇಟರಿನ ಹಬೆಯನ್ನು ಒಂದು ಪೈಪಿನಲ್ಲಿ ಪಕ್ಕದ ಡಬ್ಬಿಗೆ ಬಿಟ್ಟು, ತಣ್ಣಗಾದ ನೀರು ತಾನೇ ವಾಪಸ್ ಹೋಗುವ ಹಾಗೆ ಮಾಡಿದ್ದರು. ನನಗೆ ಅದು ಬಹಳ ಇಷ್ಟ. ಒಂದು ಪೈಪು, ಒಂದು ಡಬ್ಬಿ. ಹೆಚ್ಚು ನೀರು ಹೊರುವ ಬದಲು ಇರುವ ನೀರನ್ನೇ ಉಳಿಸಿದರು.

1940ರಲ್ಲಿ ಬ್ಯಾಗ್ನೋಲ್ಡ್ ಕಟ್ಟಿದ ಮರುಭೂಮಿ ಪಡೆ, ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್, ಷೆವರ್ಲೆ ಟ್ರಕ್ಕುಗಳ ಬಾಗಿಲು, ಚಾವಣಿ ಎಲ್ಲ ಕಿತ್ತು ಬಳಸಿತು. ಸ್ಪ್ರಿಂಗಿಗೆ ಮಾತ್ರ ಹೆಚ್ಚಿನ ಪ್ಲೇಟ್ ಸೇರಿಸಿತು. ನಡುವೆ 1941ರಲ್ಲಿ ಅವರಿಗೆ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಫೋರ್ಡ್ ಎಫ್30 ಟ್ರಕ್ಕುಗಳು ಬಂದವು. ಶಕ್ತಿಯುತ ಗಾಡಿ, ಆದರೆ ಭಾರ. ಪೆಟ್ರೋಲ್ ಜಾಸ್ತಿ ಬೇಕು. ಮುಂದಿನ ವರ್ಷ ಅವನ್ನು ಬಿಟ್ಟು ಮತ್ತೆ ಎರಡು ಚಕ್ರ ಎಳೆತದ ಹಗುರ ಷೆವರ್ಲೆಗಳಿಗೇ ಮರಳಿದರು. ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ನನ್ನ ಪಿಕಪ್ ಮುಂದೆ ಸುಮ್ನೆ ನಿಂತಿದ್ದೆ. ನೂರಾರು ಮೈಲಿ ಮನುಷ್ಯರೇ ಇಲ್ಲದ ಕಡೆ ಜೀವ ಕೈಯಲ್ಲಿ ಹಿಡಿದು ಹೋಗುತ್ತಿದ್ದವರು ಅವರು. ಅವರ ಮೊದಲ ಪ್ರಶ್ನೆ "ಇದನ್ನು ತೆಗೆದರೆ ನಡೆಯುತ್ತದಾ?" ಅಂತ ಇತ್ತು ಅನ್ನಿಸಿತು. ನನ್ನ ಪ್ರಶ್ನೆ ಯಾವಾಗಲೂ "ಇದಕ್ಕೆ ಇನ್ನೇನು ಹಾಕಬಹುದು?" ಅಂತ ಇತ್ತು.

ಹಳೆ ಗಾಡಿ ಕೇಳಿದ್ದೇ ಬೇರೆ

ಕೊಂಡಾಗ ಆ ಪಿಕಪ್ ಒಂದೂವರೆ ಲಕ್ಷ ಕಿಲೋಮೀಟರ್ ಓಡಿತ್ತು. ಹಿಂದಿನ ಮಾಲೀಕರು ಚೆನ್ನಾಗಿಯೇ ನೋಡಿಕೊಂಡಿದ್ದರು. ಆದರೂ ರಬ್ಬರ್ ರಬ್ಬರೇ, ಅದಕ್ಕೆ ವಯಸ್ಸಾಗುತ್ತದೆ. ಆಗ ನನ್ನ ಮೊದಲ ಖರ್ಚು ಟಾಪ್ ರ‍್ಯಾಕ್ ಮತ್ತು ಲೈಟುಗಳಿಗೆ ಹೋಯಿತು. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿತ್ತು, ಇನ್ನೊಂದು ಟೂರ್ ಆಗಲಿ ಅಂತ ಬಿಟ್ಟೆ. ಈ ಬರಹದಲ್ಲಿ ನಾನು ತೀರಾ ಪಶ್ಚಾತ್ತಾಪ ಪಡುವ ಒಂದೇ ವಿಷಯ ಇದು. ಅಲೆ ದಾರಿಯ ಹೊಡೆತವನ್ನು ಹೀರಬೇಕಾದದ್ದು ಅದೇ. ಅದು ಹೀರದೆ ಬಿಟ್ಟದ್ದೆಲ್ಲ ಚಾಸಿಸ್‌ಗೆ ಹೋಯಿತು.

ಈಗ ಯಾರಾದರೂ ಹಳೆ ಪಿಕಪ್ ತಗೊಳ್ಳುತ್ತೇನೆ ಅಂದರೆ ನಾನು ಮೊದಲು ಹೇಳುವುದು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗಿ ಅಂತ. ಚಾಸಿಸ್ ಹಲವು ಗಾಡಿಗಳಲ್ಲಿ ಒಳಗೆ ಟೊಳ್ಳು. ಕೆಸರು, ಉಪ್ಪುನೀರು ಒಳಗೆ ಸೇರಿ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹಾಗೇ ಇರುತ್ತದೆ. ಮೆಲ್ಲಗೆ ಬಡಿಯುತ್ತಾ ಹೋದರೆ ಗಟ್ಟಿ ಉಕ್ಕು ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಲೀಫ್ ಸ್ಪ್ರಿಂಗ್ ಕೊಂಡಿಗಳ ಸುತ್ತ ಎರಡು ಸಲ ನೋಡಿ. ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಇರುವ ಗೇರು ಪೆಟ್ಟಿಗೆ) ಎಣ್ಣೆ ಬಿಚ್ಚಿ ನೋಡಿ. ಹಾಲಿನ ಬಣ್ಣ ಬಂದಿದ್ದರೆ ನೀರು ಹೋಗಿದೆ ಅಂತ ಅರ್ಥ. ಅದು ಹೇಗೆ ಹೋಗುತ್ತದೆ ಅಂತ ತಿಳಿದ ಮೇಲೆ ನನಗೆ ಹೊಳೆ ದಾಟುವ ರೀತಿಯೇ ಬದಲಾಯಿತು. ಗಂಟೆಗಟ್ಟಲೆ ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನಿಂದ ಏನಾದರೂ ಎಳೆದುಕೊಳ್ಳಬೇಕು. ಉಸಿರಾಟದ ಕೊಳವೆ ನೀರೊಳಗೆ ಇದ್ದರೆ ನೀರನ್ನೇ ಎಳೆಯುತ್ತದೆ, ಕಟ್ಟಿಕೊಂಡಿದ್ದರೆ ಸವೆದ ಸೀಲಿನ ಸಂದಿಯಿಂದ ಎಳೆಯುತ್ತದೆ. ಆ ಕೊಳವೆಗೆ ಉದ್ದನೆ ಟ್ಯೂಬ್ ಸೇರಿಸಿ ಎಂಜಿನ್ ಪಕ್ಕ ಎತ್ತರಕ್ಕೆ ತಂದು ಕಟ್ಟಿದರೆ ಆಯಿತು. ಅದರ ತೂಕ ಅರ್ಧ ಕೆ.ಜಿ.ಯೂ ಇಲ್ಲ. ಇಡೀ ಗಾಡಿಗೆ ಮಾಡಿದ ಬದಲಾವಣೆಗಳಲ್ಲಿ ನನಗೆ ಅತಿ ಮೆಚ್ಚಿನದು ಈ ಟ್ಯೂಬ್.

ಎತ್ತರದ ಬಗ್ಗೆಯೂ ಒಂದು ಮಾತು. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎರಡು ಇಂಚು ಎತ್ತಿದರೆ ಚಾಸಿಸ್, ಬಾಡಿ ಎಲ್ಲ ಮೇಲೆ ಹೋಗುತ್ತವೆ, ಆದರೆ ಹಿಂದಿನ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಲು ಟೈರಿಗೆ ಮಾತ್ರ ಸಾಧ್ಯ. 265/70 ಆರ್17 ಅಳತೆಯ ಟೈರ್ ತೆಗೆದು 285/70 ಹಾಕಿದರೆ ವ್ಯಾಸ 28 ಮಿಲಿಮೀಟರ್ ಹೆಚ್ಚುತ್ತದೆ. ಡಿಫರೆನ್ಷಿಯಲ್ ಏಳುವುದು ಅದರ ಅರ್ಧ, 14 ಮಿಲಿಮೀಟರ್. ಒಂದು ಬೆರಳಿನಷ್ಟು ಅಗಲ! ಅದಕ್ಕಾಗಿ ಒಂದೊಂದು ಚಕ್ರವೂ ಭಾರವಾಗುತ್ತದೆ, ಸ್ಪೀಡೋಮೀಟರ್ 100 ತೋರಿಸುವಾಗ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಜೋರಾಗಿ ಓಡುತ್ತಿರುತ್ತೀರಿ. ಕಲ್ಲು ದಾರಿಯಲ್ಲೇ ಬದುಕುವವರಿಗೆ ಆ ಬೆರಳು ಬೇಕಾಗಬಹುದು. ನನಗೆ ಬೇಕಿರಲಿಲ್ಲ.

ತೆಗೆಯುತ್ತಾ ಹೋದದ್ದು

ತೆಗೆಯುವುದು ಹಾಕುವುದಕ್ಕಿಂತ ಕಷ್ಟ ಆಯಿತು. ಟಾಪ್ ಮೇಲಿನ ಟೆಂಟ್ ಬಿಚ್ಚಿದ ದಿನ ಮನಸ್ಸು ಸರಿ ಇರಲಿಲ್ಲ. ಅದರೊಳಗೆ ಮಲಗಿ ನೋಡಿದ ಬೆಳಗುಗಳು ಎಷ್ಟೋ. ಈಗ ನೆಲದ ಮೇಲೆ ಹಾಕುವ ಟೆಂಟ್, ಏಳು ಕೆ.ಜಿ. ಹಿಂದಿನ ಉಕ್ಕಿನ ಬಂಪರ್ ಹೋಯಿತು, ಸ್ಟೆಪ್ನಿ ತೊಟ್ಟಿಯ ಕೆಳಗಿನ ತನ್ನ ಹಳೆ ಜಾಗಕ್ಕೆ ಮರಳಿತು. ನೀರಿನ ಟ್ಯಾಂಕ್ ಕ್ಯಾಬಿನ್ನಿಗೆ ಅಂಟಿದ ಹಾಗೆ, ಆಕ್ಸಲ್ ಮುಂದೆ, ತಳದಲ್ಲಿ ಕೂತಿದೆ. ವಿಂಚಿನ ಉಕ್ಕಿನ ಕೇಬಲ್ ಹೋಗಿ ಸಿಂಥೆಟಿಕ್ ಹಗ್ಗ ಬಂತು. ಅದು ಹಗುರ, ತುಂಡಾದರೂ ಉಕ್ಕಿನಷ್ಟು ಜೋರಾಗಿ ಬೀಸಿ ಬರುವುದಿಲ್ಲ. ಚೀಲ ತೆಗೆದು ನನ್ನ ನಿಜವಾದ ತೂಕಕ್ಕೆ ಲೆಕ್ಕ ಹಾಕಿದ ಲೀಫ್ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಗಾಡಿಯ ತೂಕದ ಮಿತಿ ಏರುವುದಿಲ್ಲ ಅನ್ನುವುದು ನೆನಪಿರಲಿ. ಬ್ರೇಕು, ಆಕ್ಸಲ್, ಚಾಸಿಸ್ ಹಳೆಯವೇ ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ತೂಕ ನೋಡಲಿಲ್ಲ. ಎಳೆಯುವ ಕೊಂಡಿಗಳು. ಹೂತ ಗಾಡಿಯನ್ನು ಟ್ರೈಲರ್ ಕಟ್ಟುವ ಗುಂಡಿನಂಥ ಬಾಲ್‌ಗೆ ಹಗ್ಗ ಹಾಕಿ ಎಳೆಯಬೇಡಿ, ಎಂದಿಗೂ. ಅದು ಆ ಬಲಕ್ಕೆ ಮಾಡಿದ್ದಲ್ಲ. ಮುರಿದರೆ ತೋಪಿನ ಗುಂಡಿನ ಹಾಗೆ ಹಾರುತ್ತದೆ, ಜನ ಹೀಗೆ ಸತ್ತಿದ್ದಾರೆ. ಚಾಸಿಸ್‌ಗೆ ಬೋಲ್ಟ್ ಮಾಡಿದ, ಎಷ್ಟು ತಡೆಯುತ್ತದೆ ಅಂತ ಮೇಲೆ ಬರೆದಿರುವ ಕೊಂಡಿಗಳೇ ಬೇಕು, ಮುಂದೆ ಎರಡು, ಹಿಂದೆ ಒಂದಾದರೂ.

ಎರಡನೇ ಚೀಟಿಯಲ್ಲಿ 2,870 ಬಂತು. ಹಿಂದೆ 1,640, ಮುಂದೆ 1,230. ಮೆಕ್ಯಾನಿಕ್ ಅದನ್ನು ಕನ್ನಡಕ ಏರಿಸಿ ಓದಿದರು, "ಈಗ ಕೊಡಪ್ಪ ದುಡ್ಡು" ಅಂದರು. ಹಾಗೇ ಒಳಗೆ ಹೋಗಿ ಸಣ್ಣ ಬ್ರಷ್ ತಂದು, ವೆಲ್ಡಿಂಗ್ ಮಾಡಿದ ಪಟ್ಟಿಯ ಮೇಲೆ ತೆಳ್ಳಗೆ ಬಿಳಿ ಬಣ್ಣ ಬಳಿದರು. ಕೆಳಗೆ ಉಕ್ಕು ಸೀಳಿದರೆ ಮೊದಲು ಬಿಳಿ ಬಣ್ಣ ಬಿರುಕು ಬಿಟ್ಟು ಹೇಳುತ್ತದೆ ಅಂತ.

ಹೋದ ವರ್ಷ ಗೆಳೆಯನೂ ನಾನೂ ಅದೇ ಜಲ್ಲಿ ದಾರಿಗೆ ಮತ್ತೆ ಹೋದೆವು. ಕೊನೆಯಲ್ಲಿ ಒಣಗಿದ ಹೊಳೆಯ ಪಾತ್ರ, ಸಕ್ಕರೆಯಂಥ ಮರಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಚಕ್ರ ಹೂತಿತು. ಜಲ್ಲಿಗೆ ಅಂತ ಟೈರಿನ ಗಾಳಿಯ ಒತ್ತಡ 26 ಪಿಎಸ್‌ಐ ಇಟ್ಟಿದ್ದೆ. ಗೆಳೆಯ ವಿಂಚಿನ ಹಗ್ಗಕ್ಕೆ ಕೈ ಹಾಕಿದ. ತಡಿ ಅಂದೆ. ನಾಲ್ಕೂ ಟೈರಿನ ಗಾಳಿಯನ್ನು 16ಕ್ಕೆ ಇಳಿಸಿದೆ. ಗಾಳಿ ಇಳಿದ ಟೈರ್ ಅಗಲ ಆಗುವುದಕ್ಕಿಂತ ಉದ್ದ ಆಗುತ್ತದೆ, ನೆಲಕ್ಕೆ ಹಾಸಿದ ಪಟ್ಟೆಯ ಹಾಗೆ. ಐಸ್‌ಲ್ಯಾಂಡಿನಲ್ಲಿ ಹಿಮದ ಮೇಲೆ ಹೋಗುವವರು ದೊಡ್ಡ ಟೈರುಗಳನ್ನು ಮೂರು, ನಾಲ್ಕು ಪಿಎಸ್‌ಐಗೂ ಇಳಿಸುತ್ತಾರೆ. ಚಕ್ರದ ಮುಂದಿನ ಮರಳು ಕೈಯಲ್ಲೇ ತೋಡಿದೆವು. ಬಂದ ದಾರಿಯ ಜಾಡಿನಲ್ಲೇ ಒಮ್ಮೆ ಹಿಂದಕ್ಕೆ ತಂದು, ಆಮೇಲೆ ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮೇಲೆ ಹಗುರಾಗಿ ಕಾಲಿಟ್ಟು ಮುಂದಕ್ಕೆ ಬಿಟ್ಟೆ. ಗಾಡಿ ಎದ್ದು ನಡೆಯಿತು. ಮೊದಲಿನ 3,310 ಕೆ.ಜಿ. ಇದ್ದಿದ್ದರೆ ಏಳುತ್ತಿತ್ತಾ ಅಂತ ಗೆಳೆಯ ಕೇಳಿದ. ಏಳುತ್ತಿರಲಿಲ್ಲ ಅಂದೆ. ಆಚೆ ದಡದಲ್ಲಿ ಕಂಪ್ರೆಸರ್ ಹಾಕಿ ಮತ್ತೆ ಗಾಳಿ ತುಂಬಿದೆವು. ಕಡಿಮೆ ಗಾಳಿಯಲ್ಲಿ ಗಟ್ಟಿ ದಾರಿ ಮೇಲೆ ಜೋರಾಗಿ ಓಡಿಸಿದರೆ ಟೈರ್ ಒಳಗೆ ಕಾದು ಸಾಯುತ್ತದೆ.

ಆ ಸಂಜೆಯೂ ಟೆಂಟ್ ಬಿಚ್ಚುವ ಮೊದಲು ಟಾರ್ಚ್ ಹಿಡಿದು ಕೆಳಗೆ ತೂರಿದೆ. ನಾನು ಕರೆಯುವ ಮೊದಲೇ ಗೆಳೆಯ ಬಂದು ತೊಟ್ಟಿಯ ಹಿಂದಿನ ಬಾಗಿಲು ಇಳಿಸಿ ಅದರ ಮೇಲೆ ನಿಂತಿದ್ದ. ಒಂದು ಸಲ ಹಾರಿ ಕುಣಿದ. ಧೂಳು ಉದುರಿ ಕಣ್ಣಿಗೆ ಬಿತ್ತು. ಒರೆಸಿಕೊಂಡು ನೋಡಿದೆ. ಬಿಳಿ ಬಣ್ಣ ಬಳಿದ ಹಾಗೇ ಇತ್ತು.